ಪರದೆಯ ಮೇಲಿನ ಪತಂಗ

"ಈ ವರ್ಷ ನಾನು ಚಿಟ್ಟೆ ನೋಡ್ತೀನಿ!" ವರ್ಷದ ಮೊದಲ ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ರಾಜದಂಡದಂತೆ ಎತ್ತಿ ಹಿಡಿದು ಹದ್ದುಗಣ್ಣಪ್ಪನವರು ಘೋಷಿಸಿದರು. "ಚಿಟ್ಟೆ ಮಾತ್ರ ಅಲ್ಲ, ಪತಂಗಾನೂ! ವರ್ಷ ಪೂರ್ತಿ! ನನ್ನ ಕಣ್ಣು ತಪ್ಪಿಸಿ ಒಂದೇ ಒಂದು ರೆಕ್ಕೆ ಈ ಊರಲ್ಲಿ ಹಾರಬಾರದು!"

"ನೋಡಿ, ಬೇಡ ಅಂದೋರು ಯಾರು?" ಅಡುಗೆಮನೆಯಿಂದ ಮನೆಯಾಕೆಯ ದನಿ ಬಂತು. "ಹಾಗೇ ಬಿಡುವಾದಾಗ ನನ್ನ ಕಣ್ಣನ್ನೂ ಒಂದ್ಸಲ ನೋಡಿಬಿಡಿ. ಎಡಗಡೆ ಯಾಕೋ ಮಂಜು ಕವಿದ ಹಾಗೆ ಇರುತ್ತೆ."

"ನೋಡೋಣ, ನೋಡೋಣ" ಎಂದು ಅವರು ಬಾಯಿ ಮುಕ್ಕಳಿಸಿದರು. ಆ ವರ್ಷ ಅವರು ಏನೇನನ್ನೋ ನೋಡಿದರು. ನೋಡದೆ ಬಿಟ್ಟದ್ದು ಅದೊಂದನ್ನೇ.

ಹದ್ದುಗಣ್ಣಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬೀದಿಯ ಮೂಲೆಯಲ್ಲಿ ಅವರದೊಂದು ಕನ್ನಡಕದ ಅಂಗಡಿ. ಬಂದವರ ಕಣ್ಣು ಪರೀಕ್ಷಿಸುವುದು, ಗಾಜು ಉಜ್ಜುವುದು, ಫ್ರೇಮಿಗೆ ಕೂರಿಸಿ ಮೂಗಿನ ಮೇಲೇರಿಸುವುದು ಅವರ ಕಸುಬು. ಊರಿಗೆಲ್ಲ ಕನ್ನಡಕ ಹಾಕಿಸಿದ ಈ ಮಹಾನುಭಾವರು ತಾವು ಮಾತ್ರ ಹಾಕಿದವರಲ್ಲ. "ಅರವತ್ತು ಹತ್ತಿರ ಬಂತು. ನನ್ನ ಕಣ್ಣು ನೋಡಿ ಸ್ವಾಮಿ, ಹದ್ದಿನ ಕಣ್ಣು!" ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಂಡು ಕೊಚ್ಚಿಕೊಂಡೇ ಆ ಹೆಸರು ಅಂಟಿತ್ತು. ಮಾತಿಗೆ ಸಾಕ್ಷಿಯೂ ಇತ್ತು ಅನ್ನಿ. ಪ್ರತಿ ವರ್ಷದ ಮೊದಲ ದಿನ ಅಂಗಡಿಯ ಎದುರು ಗೋಡೆಯಲ್ಲಿರುವ ಅಕ್ಷರದ ಬೋರ್ಡಿನ ಮುಂದೆ ಕೂತು, ಮೇಲಿನ ದಪ್ಪಕ್ಷರದಿಂದ ಕೆಳಗಿನ ಇರುವೆಯಂಥ ಅಕ್ಷರದವರೆಗೆ ಗಡಗಡ ಓದಿಬಿಡುತ್ತಿದ್ದರು. ಒಂದೂ ತಪ್ಪಿಲ್ಲ! ತಪ್ಪುವುದಾದರೂ ಹೇಗೆ? ಅಂಗಡಿ ತೆರೆದ ದಿನದಿಂದ ಆ ಬೋರ್ಡು ಅದೇ ಮೊಳೆಗೆ ನೇತಾಡುತ್ತಿದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುವಷ್ಟು ಬಾಯಿಪಾಠ. ಮೂಗಿನ ತುದಿಗೆ ಹಿಡಿದ ಗಾಜು ಸ್ಪಷ್ಟವಾಗಿ ಕಾಣುತ್ತಿದ್ದುದರಿಂದ ಕಸುಬು ನಡೆಯುತ್ತಿತ್ತು. ಮೂಗಿನಿಂದಾಚೆಯ ಜಗತ್ತು ಮಾತ್ರ ಕೆಲವು ವರ್ಷಗಳಿಂದ ಕಲಸುಮೇಲೋಗರವಾಗಿತ್ತು. ಜಗತ್ತೇ ಕೆಟ್ಟಿದೆ ಎಂದುಕೊಂಡು ಅವರು ಸುಮ್ಮನಿದ್ದರು.

ಚಿಟ್ಟೆಯ ಹುಚ್ಚು ಹತ್ತಿಸಿದವರು ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು. ಊರಿನಲ್ಲಿ ಚಿಟ್ಟೆ ನೋಡುವವರದೊಂದು ಬಳಗವಿತ್ತು, ಮೇಷ್ಟ್ರೇ ಅದಕ್ಕೆ ಅಧ್ಯಕ್ಷರು. ಫ್ರೇಮಿನ ಸ್ಕ್ರೂ ಬಿಗಿಸಿಕೊಳ್ಳಲು ಬಂದವರು ಮಾತಿನ ಮಧ್ಯೆ, "ಇದು ಎಲ್ಲರ ಕೈಲೂ ಆಗೋ ಕೆಲಸ ಅಲ್ಲ ಬಿಡಿ. ಕಣ್ಣು ಚುರುಕಾಗಿರಬೇಕು" ಅಂದುಬಿಟ್ಟರು. ಅಷ್ಟೇ ಸಾಕಾಯಿತು! ಹದ್ದುಗಣ್ಣಪ್ಪನವರು ನಿಂತ ಕಾಲಲ್ಲೇ ಬಳಗ ಸೇರಿದರು.

ಮೊದಲ ದಂಡಯಾತ್ರೆ ಹತ್ತಿರದ ಉದ್ಯಾನಕ್ಕೆ, ಮನೆಯಾಕೆಯ ಸಮೇತ. ಬೇಲಿಗಿಡದ ಮೇಲೆ ಏನೋ ಹಳದಿ ಪಟಪಟ ಎನ್ನುತ್ತಿತ್ತು.

"ಏ, ನಿಲ್ಲೇ! ಅಲ್ಲಿ! ಹಳದಿ! ಕಾಣ್ತಾ?"

ಮನೆಯಾಕೆ ಅತ್ತ ಮುಖ ಮಾಡಿದರು. "ಹೂಂ ರೀ, ಹಳದಿ" ಎಂದರು.

"ರೆಕ್ಕೆ ಬಡೀತಿದೆ!"

"ಹೌದು ರೀ, ಬಡೀತಿದೆ."

ದಂಪತಿಗಳು ಉಸಿರು ಬಿಗಿಹಿಡಿದು, ಕಾಲು ಜೋಮು ಹಿಡಿಯುವವರೆಗೆ ನಿಂತು ಆನಂದಿಸಿದರು. ಕೊನೆಗೆ ಕಸ ಗುಡಿಸುವವನು ಬಂದು ಅದನ್ನು ಕೋಲಿನ ತುದಿಯ ಮೊಳೆಗೆ ಚುಚ್ಚಿ ಚೀಲಕ್ಕೆ ಹಾಕಿಕೊಂಡ. "ಪಾಪಿ! ಜೀವಂತ ಚಿಟ್ಟೆ ಕಣೋ ಅದು!" ಎಂದು ಹದ್ದುಗಣ್ಣಪ್ಪನವರು ಕೂಗಿಕೊಂಡರು. ಅವನು ಚೀಲದಿಂದ ಚಾಕಲೇಟಿನ ಹಳದಿ ಕಾಗದವೊಂದನ್ನು ತೆಗೆದು, "ಬೇಕಿದ್ರೆ ನೀವೇ ಇಟ್ಕೊಳ್ಳಿ" ಎಂದು ಕೊಟ್ಟು ಮುಂದೆ ಹೋದ. "ಚಿಟ್ಟೆ ಹಾರಿಹೋಯ್ತು, ಇವನು ಕಾಗದ ತೋರಿಸ್ತಾನೆ" ಎಂದು ಅವರು ದಾರಿಯುದ್ದಕ್ಕೂ ಗೊಣಗಿದರು. ಆ ದಿನ ಬರುವಾಗ ಮನೆಯಾಕೆ ಗೇಟಿನ ಎಡಗಂಬಕ್ಕೆ ಭುಜ ತಾಗಿಸಿಕೊಂಡರು. "ನೋಡ್ಕೊಂಡು ನಡಿಯೇ" ಎಂದು ಗಂಡ ಅದಕ್ಕೂ ಬೈದರು.

ಬೇಸಿಗೆಯಲ್ಲಿ ಕೊಳೆತ ಹಣ್ಣಿನ ಪ್ರಯೋಗ ನಡೆಯಿತು. ಚಿಟ್ಟೆಗಳಿಗೆ ಕಳಿತ ಹಣ್ಣಿನ ರಸವೆಂದರೆ ಪ್ರಾಣ ಎಂದು ಮೇಷ್ಟ್ರು ಹೇಳಿದ್ದೇ ತಡ, ಬಾಲ್ಕನಿಯಲ್ಲಿ ಬಾಳೆಹಣ್ಣಿನ ತಟ್ಟೆಗಳ ಸಾಲು ಬಿತ್ತು. "ನೀಲಿ ಚಿಟ್ಟೆ! ಹಿಂಡುಹಿಂಡು!" ಎಂದು ಇವರು ಸಂಭ್ರಮಿಸುತ್ತಿರುವಾಗ ಕೆಳಮನೆಯ ದರ್ಜಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆಟ್ಟಿಲೇರಿ ಬಂದ. "ಯಜಮಾನ್ರೇ, ಹೊಲಿದ ಬಟ್ಟೆ ಮೇಲೆಲ್ಲ ನೊಣ ಕೂರ್ತಿವೆ. ಇದು ಮನೆಯೋ ತಿಪ್ಪೆಯೋ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಟ್ಟೆಗಳನ್ನೆಲ್ಲ ಎತ್ತಿಕೊಂಡು ಹೋಗಿ ಎಸೆದ. ತಟ್ಟೆಗಳೂ ಹೋದವು.

ಮಳೆಗಾಲದಲ್ಲಿ ಮನೆಯಾಕೆಯ ಕುಂಡದ ನಿಂಬೆಗಿಡಕ್ಕೆ ಹುಳು ಬಿತ್ತು. ಗಿಡ ಬೋಳಾಗುತ್ತ ಬಂದರೂ ಆಕೆ ಹುಳುಗಳನ್ನು ತೆಗೆಯಲಿಲ್ಲ. ಗಂಡನಿಗೆ ಚಿಟ್ಟೆ ಬೇಕಲ್ಲ! ಒಂದು ಬೆಳಗ್ಗೆ ಅವರು ಅಂಗಡಿಗೆ ಹೋದ ಮೇಲೆ ನೀರು ಹಾಕುತ್ತಿದ್ದಾಗ, ಆಕೆಯ ಮಣಿಕಟ್ಟಿನ ಮೇಲೆ ಏನೋ ಬಂದು ಕೂತಿತು. ಹಗುರವಾದ ಕಾಲು, ಒದ್ದೆ ರೆಕ್ಕೆಯ ಮೆಲ್ಲನೆಯ ಗಾಳಿ. ಆಕೆ ಅಲ್ಲಾಡದೆ ನಿಂತರು. ಸಂಜೆ ಗಂಡ ಬಂದ ಕೂಡಲೇ ಚಿಕ್ಕ ಹುಡುಗಿಯಂತೆ ಹೇಳಿಕೊಂಡರು.

"ಯಾವ ಬಣ್ಣ?" ಎಂದು ಅವರು ಕೇಳಿದರು.

"ಬಣ್ಣ ಗೊತ್ತಾಗ್ಲಿಲ್ಲ ರೀ."

"ಬಣ್ಣಾನೇ ನೋಡ್ದೆ ಅದೆಂಥ ಚಿಟ್ಟೆ ನೋಡಿದ್ಯೇ ನೀನು? ಏನೋ ಎಲೆ ಬಿದ್ದಿರ್ಬೇಕು!"

ಆಕೆ ಅಡುಗೆಮನೆಗೆ ಹೋದರು. ಆ ಮನೆಗೆ ಆ ವರ್ಷ ಅಲ್ಲಿಯವರೆಗೆ ಬಂದ ನಿಜವಾದ ಚಿಟ್ಟೆ ಅದೊಂದೇ ಆಗಿತ್ತು.

ಮಳೆ ನಿಂತ ಮೇಲೆ ಪತಂಗಗಳ ಸರದಿ. ಸಂಜೆಯಾಯಿತೆಂದರೆ ಪತಂಗ ಬಂದು ಕೂರಲೆಂದು ಬಾಲ್ಕನಿಯ ಹಗ್ಗಕ್ಕೆ ಬಿಳಿ ಹಾಸುಬಟ್ಟೆ ಕಟ್ಟಿ, ಅದರ ಮುಂದೆ ದೊಡ್ಡ ಬಲ್ಬು ಉರಿಸಿ, ದಂಪತಿಗಳು ಎರಡು ಕುರ್ಚಿ ಹಾಕಿಕೊಂಡು ಕೂರತೊಡಗಿದರು.

"ರೀ, ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತೆ" ಎಂದರು ಆಕೆ ಒಂದು ಸಂಜೆ, ಹಣೆ ಒತ್ತಿಕೊಳ್ಳುತ್ತ. "ತಲೇನೂ ಸಿಡೀತಿದೆ."

"ಬಳೆ ಅಲ್ವೇ ಪೆದ್ದಿ, ಪತಂಗಗಳು! ಅಷ್ಟೂ ದೀಪ ಸುತ್ತುತ್ತಿವೆ! ಭಾಗ್ಯವಂತೆ ಕಣೇ ನೀನು!"

ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದು ಯಾರಾದರೂ ಗಿರಾಕಿ ಅಂದಿದ್ದರೆ, ಹದ್ದುಗಣ್ಣಪ್ಪನವರು ಅಂಗಡಿ ಬಾಗಿಲೆಳೆದು ತಾವೇ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು. ಆದರೆ ಹೇಳಿದ್ದು ಹೆಂಡತಿ, ಕೂತಿದ್ದು ಪತಂಗಕ್ಕಾಗಿ. ಈ ಜಾಗದಲ್ಲಿ ಅವರ ಮೇಲೆ ಯಾರಿಗಾದರೂ ಸಿಟ್ಟು ಬಂದರೆ ನ್ಯಾಯವೇ.

ಕೊನೆಗೆ ಆಕೆಯೇ ಒಂದು ಸಂಜೆ ಅಂಗಡಿಗೆ ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತರು. "ಇವತ್ತು ನೋಡ್ಲೇಬೇಕು" ಎಂದರು. ಬಲ್ಬು ಹಚ್ಚುವ ಹೊತ್ತು ಹತ್ತಿರವಾಗಿತ್ತು. ಹದ್ದುಗಣ್ಣಪ್ಪನವರು ಗಡಿಯಾರದ ಕಡೆಗೊಮ್ಮೆ ಬಾಗಿಲ ಕಡೆಗೊಮ್ಮೆ ಕತ್ತು ತಿರುಗಿಸುತ್ತ, "ಓದು, ಬೇಗ ಓದು" ಎಂದರು. ಆಕೆ ಮೇಲಿನಿಂದ ಕೆಳಗಿನವರೆಗೆ ಗಡಗಡ ಓದಿಬಿಟ್ಟರು. ಒಂದೂ ತಪ್ಪಿಲ್ಲ!

"ನೋಡಿದ್ಯಾ? ಏನೂ ಆಗಿಲ್ಲ! ನಿಂದೂ ಹದ್ದಿನ ಕಣ್ಣೇ!" ಎಂದು ಅವರು ಬಾಗಿಲೆಳೆದರು.

ಚಳಿ ಶುರುವಾದಾಗ ಅವರ ಬಾಳಿನ ಮಹಾ ಪತಂಗ ಕಾಣಿಸಿಕೊಂಡಿತು. ನಡುಮನೆಯ ಪರದೆಯ ಮೇಲ್ತುದಿಯಲ್ಲಿ, ಕಂದು ಬಣ್ಣದ್ದು, ಅಂಗೈಯಗಲ! ದಿನ ಕಳೆದರೂ ಕದಲಲಿಲ್ಲ. "ಚಳಿಗೆ ನಿದ್ದೆ ಹೋಗಿದೆ" ಎಂದು ಹದ್ದುಗಣ್ಣಪ್ಪನವರು ತೀರ್ಮಾನಿಸಿದರು. ಪರದೆ ಎಳೆಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ, ಜೋರಾಗಿ ಸೀನುವಂತಿಲ್ಲ! ಹತ್ತಿರ ಹೋದರೆ ಬೆದರೀತು ಎಂದು ಎದುರು ಗೋಡೆಗೆ ಒರಗಿ ನಿಂತೇ ದರ್ಶನ.

"ರೆಕ್ಕೆ ಆಡಿಸ್ತಾ ಇದೆ ಅಲ್ವೇನೇ?"

"ಹೂಂ ರೀ, ಆಡಿಸ್ತು."

ಇಂಥ ಸಾಕ್ಷಿ ಸಿಕ್ಕ ಮೇಲೆ ತಡವೇಕೆ? ವರ್ಷದ ಕೊನೆಯ ಭಾನುವಾರ ಬಳಗದವರನ್ನೆಲ್ಲ ಮನೆಗೆ ಕರೆದರು. ಕೊರಳಲ್ಲಿ ಕ್ಯಾಮೆರಾ, ಎದೆಯ ಮೇಲೆ ದುರ್ಬೀನು ತೂಗಿಸಿಕೊಂಡು ನಡುಮನೆ ತುಂಬ ಜನ ಸೇರಿದರು. ಮನೆಯಾಕೆ ಚಹಾ ಸುರಿಯುವಾಗ ಅರ್ಧ ಲೋಟಕ್ಕೂ ಅರ್ಧ ಮೇಷ್ಟ್ರ ಮೊಣಕಾಲಿಗೂ ಬಿತ್ತು. ಮೇಷ್ಟ್ರು ಮೊಣಕಾಲು ಒರೆಸಿಕೊಳ್ಳುತ್ತ ಆಕೆಯ ಮುಖವನ್ನೇ ನೋಡಿದರು.

"ಸದ್ದು! ಯಾರೂ ಉಸಿರಾಡ್ಬೇಡಿ!" ಎಂದು ಹದ್ದುಗಣ್ಣಪ್ಪನವರು ಪರದೆಯತ್ತ ಕೈ ಚಾಚಿದರು. "ಅಗೋ!"

ಮೇಷ್ಟ್ರು ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಸ್ಟೂಲು ಎಳೆದುಕೊಂಡು ಹತ್ತಿದರು.

"ಮೇಷ್ಟ್ರೇ, ಬೇಡ! ಹಾರಿಹೋಗುತ್ತೆ!"

"ಇದು ಹಾರಲ್ಲ ಬಿಡಿ ಯಜಮಾನ್ರೇ" ಎಂದು ಮೇಷ್ಟ್ರು ಎರಡು ಬೆರಳಿನಿಂದ ಅದುಮಿದರು. ಟಪ್ ಎಂದಿತು. ಕೆಳಗಿಳಿದು ಅಂಗೈ ತೆರೆದರೆ, ಅದು ಹೆಂಗಸರು ಕೂದಲು ಒಟ್ಟುಮಾಡಿ ಸಿಕ್ಕಿಸುವ ಹಲ್ಲುಹಲ್ಲಿನ ಕ್ಲಿಪ್ಪು!

ಒಬ್ಬರು ಕೆಮ್ಮಿದರು, ಇನ್ನೊಬ್ಬರು ಬಾಯಿಗೆ ಕರವಸ್ತ್ರ ತುರುಕಿಕೊಂಡರು. ಆಮೇಲೆ ಮನೆಯೇ ಹಾರಿಹೋಗುವಂಥ ನಗು. ಹದ್ದುಗಣ್ಣಪ್ಪನವರು ಕೆಂಪಾಗಿ, ಕಪ್ಪಾಗಿ, ಉಳಿದ ಒಂದೇ ಆಸರೆಯ ಕಡೆ ತಿರುಗಿದರು.

"ನೀನೇ ಅಲ್ವೇನೇ ಹೇಳಿದ್ದು, ರೆಕ್ಕೆ ಆಡಿಸ್ತು ಅಂತ?"

"ಏನಾಯ್ತು ರೀ? ಯಾಕೆ ಎಲ್ಲಾರೂ ನಗ್ತಿದಾರೆ?" ಆಕೆ ಖಾಲಿ ಪರದೆಯ ಕಡೆಗೇ ಮುಖ ಮಾಡಿ ನಿಂತಿದ್ದರು. "ಹಾರಿಹೋಯ್ತಾ?"

ನಗು ನಿಂತಿತು. ಮೇಷ್ಟ್ರು ಅಂಗೈಯನ್ನು ಆಕೆಯ ಮುಂದೆ ಹಿಡಿದು, "ಇದೇನಮ್ಮ?" ಎಂದು ಮೆಲ್ಲಗೆ ಕೇಳಿದರು. ಆಕೆಯ ಕೈ ಗಾಳಿಯಲ್ಲಿ ತಡಕಾಡಿ, ಮೇಷ್ಟ್ರ ತೋಳು ಸಿಕ್ಕಿ, ಅಲ್ಲಿಂದ ಇಳಿದು ಅಂಗೈಗೆ ಬಂತು.

"ಅಯ್ಯೋ, ನನ್ನ ಕ್ಲಿಪ್ಪು! ಪರದೆ ಒಗೆದು ಹಾಕಿದ ದಿನದಿಂದ ಹುಡುಕ್ತಾ ಇದೀನಿ. ಎಲ್ಲಿತ್ತು ಮೇಷ್ಟ್ರೇ?"

ಮೇಷ್ಟ್ರು ಕ್ಲಿಪ್ಪನ್ನು ಆಕೆಯ ಕೈಗಿಟ್ಟರು. ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು. ಬಾಗಿಲು ಮುಚ್ಚಿದ ಮೇಲೆ ಹದ್ದುಗಣ್ಣಪ್ಪನವರು ಹೆಂಡತಿಯ ಮುಂದೆ ಬಂದು ನಿಂತರು.

"ಅಂಗಡೀಲಿ ಬೋರ್ಡು ಪೂರ್ತಿ ಓದಿದ್ಯಲ್ಲೇ?"

"ಶುರುವಿನ ವರ್ಷಗಳಲ್ಲಿ ಆ ಬೋರ್ಡಿನ ಪಕ್ಕ ನಿಂತು ಗಿರಾಕಿಗಳಿಗೆ ಸಾಲು ತೋರಿಸ್ತಿದ್ದೋಳು ಯಾರು? ಅದು ನನಗೂ ಬಾಯಿಪಾಠ. ನೀವು ಕಾಲು ಕುಣಿಸ್ತಾ ನಿಂತಿದ್ರಿ, ಹೇಳಿ ಮುಗಿಸ್ಬಿಟ್ಟೆ. ಬರೀ ಬಿಳೀ ಗೋಡೆ ಕಾಣ್ತಿತ್ತು ರೀ."

"ಮತ್ತೆ ಚಿಟ್ಟೆ? ಹಳದಿ ಅಂದೆ, ರೆಕ್ಕೆ ಅಂದೆ?"

"ನೀವು ಹೇಳಿದ್ಮೇಲೆ ಇರ್ಬೇಕು ಅಂದ್ಕೊಂಡೆ. ನಿಮ್ಮದು ಹದ್ದಿನ ಕಣ್ಣಲ್ವಾ?"

ಇವರೋ, ಹೆಂಡತಿ ಹೌದೆಂದ ಮೇಲೆ ಇರಲೇಬೇಕು ಎಂದುಕೊಂಡಿದ್ದರು. ಇಡೀ ವರ್ಷ ಒಬ್ಬರ ಕಣ್ಣನ್ನು ಇನ್ನೊಬ್ಬರು ನಂಬಿ, ಇಬ್ಬರೂ ಸೇರಿ ಏನನ್ನೂ ನೋಡಿರಲಿಲ್ಲ.

ಕಣ್ಣಿನ ಡಾಕ್ಟರಮ್ಮ ದೀಪ ಬಿಟ್ಟು ನೋಡಿದರು. "ಒಳಗೆ ಒತ್ತಡ ಏರಿ ನರ ಒಣಗಿದೆ. ಎಡಗಣ್ಣು ಇನ್ನು ಬರಲ್ಲ. ಬಲಗಣ್ಣಿನಲ್ಲಿ ಉಳಿದಿರೋದನ್ನ ಕಾಪಾಡ್ಕೊಳ್ಳೋಣ. ಮಳೆಗಾಲಕ್ಕೆ ಮುಂಚೆ ಬಂದಿದ್ರೆ..." ಎಂದವರು, ಎದುರು ಕೂತವರ ಕಸುಬು ನೆನಪಾಗಿ ಮಾತು ನಿಲ್ಲಿಸಿದರು. ಹದ್ದುಗಣ್ಣಪ್ಪನವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಮನೆಯಾಕೆಯೇ ಬೆನ್ನು ಸವರಿ, "ಏಳಿ, ಬಸ್ಸಿನ ನಂಬರು ನಾನಂತೂ ಓದಲಾರೆ" ಎಂದು ಎಬ್ಬಿಸಿದರು. ಅವರೂ ಓದಲಾರದೆ ಇಬ್ಬರೂ ತಪ್ಪು ಬಸ್ಸು ಹತ್ತಿದರು.

ಮಾರನೆಯ ದಿನ ಅವರು ತಮ್ಮ ಕಣ್ಣನ್ನು ತಾವೇ ನಿಯತ್ತಿನಿಂದ ಪರೀಕ್ಷಿಸಿಕೊಂಡು, ಸೀಸೆಯ ತಳದಷ್ಟು ದಪ್ಪದ ಗಾಜು ಉಜ್ಜಿ ಮೂಗಿಗೇರಿಸಿದರು. ಮನೆಗೆ ಬಂದು ನೋಡಿದರೆ ಮೂಲೆಗಳಲ್ಲಿ ಜೇಡರ ಬಲೆ, ಕುಂಡದಲ್ಲಿ ಬೋಳು ಕಡ್ಡಿ. ಮನೆಯಾಕೆಯ ಎಡತೋಳಿನ ತುಂಬ ಬಾಗಿಲು ಬಡಿದು ಕಂದಿದ ಕಲೆಗಳು, ಹಳೆಯವು ಹಸಿರಾಗಿ, ಹೊಸವು ನೀಲಿಯಾಗಿ. ಅಷ್ಟು ಬಣ್ಣ ಅವರು ವರ್ಷವಿಡೀ ಎಲ್ಲಿಯೂ ಕಂಡಿರಲಿಲ್ಲ.

ಹೊಸ ವರ್ಷದ ಮೊದಲ ಬೆಳಗ್ಗೆ ಅವರು ಯಾವ ಘೋಷಣೆಯನ್ನೂ ಮಾಡಲಿಲ್ಲ. ಬಾಲ್ಕನಿಯ ಕುರ್ಚಿಯಲ್ಲಿ ಮನೆಯಾಕೆಯನ್ನು ಕೂರಿಸಿ, ಬಲಗಣ್ಣಿಗೆ ಔಷಧಿಯ ಹನಿ ಬಿಟ್ಟು ಹಿಂದೆ ಸರಿದರು. ಹಾಗೇ ನಿಂತುಬಿಟ್ಟರು.

"ಏ, ಅಲ್ಲಾಡ್ಬೇಡ. ನಿನ್ನ ಭುಜದ ಮೇಲೆ ಪತಂಗ!"

"ಕನ್ನಡಕ ಹಾಕ್ಕೊಂಡಿದ್ದೀರಾ?"

"ಹಾಕ್ಕೊಂಡಿದ್ದೀನಿ."

"ಕ್ಲಿಪ್ಪು ಇರ್ಬೇಕು, ಸರಿಯಾಗಿ ನೋಡಿ."

"ಕ್ಲಿಪ್ಪು ನಿನ್ನ ತಲೇಲಿದೆ ಕಣೇ. ಇದು ನಿಜವಾದ್ದು. ಬೂದಿ ಬಣ್ಣ, ಅಂಚಿಗೆ ಸಣ್ಣ ಕಂದು ಗೆರೆ, ಮೀಸೆ ಆಡಿಸ್ತಿದೆ."

ಆಕೆ ಅಲ್ಲಾಡದೆ ಕೂತರು. ಬಿಸಿಲು ಗೋಡೆಯಿಂದ ನೆಲಕ್ಕಿಳಿಯಿತು. ಅವರು ಮುಂದೆ ಬಾಗಿ, ದಪ್ಪ ಗಾಜಿನ ಹಿಂದೆ ಕಣ್ಣರಳಿಸಿ, ರೆಪ್ಪೆ ಬಡಿಯದೆ ನೋಡುತ್ತಲೇ ಇದ್ದರು. ಬಹಳ ಹೊತ್ತಿನ ಮೇಲೆ ಮನೆಯಾಕೆ ಬಾಯಿ ಬಿಟ್ಟರು.

"ಮದುವೆಯಾದ ಮೇಲೆ ನೀವು ನನ್ನ ಕಡೆ ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು ರೀ. ಅದೂ ಹುಳ ಬಂದು ಕೂತಿದ್ದಕ್ಕೆ!"