ಪಟ್ಟದ ಬಸವನೂ ಪುಯಲ್ ಪಾಂಡಿಯೂ

ಶಾಯಿ ಒಣಗಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಬೆಳಗಿನ ಎಂಟು ಗಂಟೆಯಾದರೂ ನಾಲ್ಕನೆಯ ಪುಟ ಕೈಗೆ ಅಂಟುತ್ತಿತ್ತು. ಅದಕ್ಕೇ ಸುಂದರ್ ಅದನ್ನು ಜಗಲಿಯ ಬಿಸಿಲಿಗೆ ತಂದಿಟ್ಟು, ಮೂಲೆಗೊಂದು ಕಲ್ಲು ಹೇರಿದ. ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯಲ್ಲಿ ಜಗಲಿಯ ಮೇಲಿಟ್ಟದ್ದು ಊರಿನ ಸೊತ್ತು ಎಂಬುದನ್ನು ಗಾಬರಿಯಲ್ಲಿ ಮರೆತ.

ಸುಂದರನಿಗೆ ಮೂವತ್ತೆರಡು. ಗೊಬ್ಬರದಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ, ಪ್ರಾಣವೆಲ್ಲ ಪುಯಲ್ ಪಾಂಡಿಯ ಮೇಲೆ. ಪುಯಲ್ ಪಾಂಡಿ ಅಂದರೆ ಬಿರುಗಾಳಿ ಪಾಂಡಿ, ತಿಂಗಳಿಗೊಮ್ಮೆ ಬರುವ ತಮಿಳು ಕಾಮಿಕ್ಸ್ ಪುಸ್ತಕದ ನಾಯಕ. ಅವನ ಮೇಲೆ ತಾನೇ ಒಂದು ಕತೆ ಬರೆಯಬೇಕೆಂದು ಸುಂದರ್ ಹದಿನೈದು ವರ್ಷದಿಂದ ಶುರುಮಾಡಿದ್ದೆಷ್ಟೋ, ಮುಗಿಸಿದ್ದು ಸೊನ್ನೆ. ಕೊನೆಗೆ ಫೋನಿನ ವಿಡಿಯೋದಲ್ಲಿ ಕಾಮಿಕ್ಸ್ ಕಲಿಸುವ ಒಬ್ಬ ಮೇಷ್ಟರು ಸಿಕ್ಕಿದರು. ಹೊಸಬರು ನೂರು ಪುಟಕ್ಕೆ ಕೈಹಾಕಬೇಡಿ, ನಾಲ್ಕೇ ಪುಟ ಮಾಡಿ ಎಂದರು. ಮಾತಿನ ಗುಳ್ಳೆಗೆ ಮೊದಲು ಜಾಗ ಬಿಡಿ, ಆಮೇಲೆ ಮುಖ ಬರೆಯಿರಿ ಎಂದರು. ತಲೆಯಿಂದ ಬರೆಯಬೇಡಿ, ಕಣ್ಣಾರೆ ನೋಡಿ ಬರೆಯಿರಿ ಎಂದರು. ಸುಂದರ್ ಎಲ್ಲವನ್ನೂ ಪಾಲಿಸಿದ. ಆರು ತಿಂಗಳಲ್ಲಿ ನಾಲ್ಕು ಪುಟ ಮುಗಿದಾಗ ಅವನಿಗೆ ನಿಜವಾಗಿಯೂ ಅಳು ಬಂತು.

ಪಾಂಡಿಯನ್ನು ಹುಟ್ಟಿಸಿದ ಚಿತ್ರಕಾರ, ದಿಂಡಿಗಲ್ಲಿನ ಮೋಹನ್‌ರಾಜ್, ಅವತ್ತು ಜಿಲ್ಲಾಕೇಂದ್ರ ತೇನಿಯ ಸಭಾಂಗಣವೊಂದಕ್ಕೆ ಬರುವವರಿದ್ದರು. ಹೊಸಬರ ಪುಟ ನೋಡಿ, ಒಂದೇ ಒಂದು ಕತೆಯನ್ನು ಅಭಿಮಾನಿಗಳ ವಿಶೇಷ ಸಂಚಿಕೆಗೆ ಆರಿಸುತ್ತಾರೆ. ಮಧ್ಯಾಹ್ನ ಮೂರಕ್ಕೆ ಬಾಗಿಲು ಬಂದ್. ನಾಲ್ಕು ಪುಟ ಇಲ್ಲದಿದ್ದರೆ ಲೆಕ್ಕಕ್ಕಿಲ್ಲ.

ಸುಂದರ್ ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಅಮ್ಮಣಿ ಅತ್ತೆ ಪುಟದ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಚಿತ್ರದಲ್ಲಿ ಪಾಂಡಿ ಒಂದು ಗೂಳಿಯ ಬೆನ್ನೇರಿ, ಚಾಟಿ ಬೀಸುತ್ತ, ಕಳ್ಳರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ.

"ಇದು ಯಾವ ಎತ್ತುಡಾ, ಸುಂದರು?"

ಯಾವುದೋ ಒಂದು ಎತ್ತು ಅಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎರಡು ಭಾನುವಾರ ಹತ್ತಿರದ ಕಂಬಂ ಪೇಟೆಯಲ್ಲಿ ಕೂತು ನೋಡಿ ಬರೆದ ಹೆಮ್ಮೆ ಬಿಡಬೇಕಲ್ಲ.

"ನಮ್ಮ ಪಟ್ಟದ ಬಸವ ಅತ್ತೆ. ದೊಡ್ಡಿ ಮುಂದೆ ಕುಂತೇ ಬರ್ದೆ."

ಅತ್ತೆಯ ಕೈ ಬಾಯಿಗೆ ಹೋಯಿತು. ಕಂಬಂನ ದೇವರ ದೊಡ್ಡಿಯ ದನಗಳ ಹೆಗಲಿಗೆ ನೊಗ ಇಡುವಂತಿಲ್ಲ, ಹಾಲು ಮಾರುವಂತಿಲ್ಲ. ಅವುಗಳಿಗೆಲ್ಲ ರಾಜ ಪಟ್ಟದ ಬಸವ. ಅದು ಎದುರಾದರೆ ಮನೆಯಲ್ಲಿ ಕನ್ನಡವಾಡುವ ಈ ಜನ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ.

"ಸಾಮಿ ಮೇಲೆ ಕಾಲು ಹಾಕ್ಕೊಂಡು ಕುಂತವ್ನಲ್ಲೋ ಈ ದಡಿಯ! ಲಕ್ಷ್ಮಣಣ್ಣಾ, ಬಾ ಇಲ್ಲಿ! ಇವನ ಕೆಲಸ ನೋಡು!"

ಲಕ್ಷ್ಮಣನ್ ದೊಡ್ಡಪ್ಪ ಬಂದರು. ಐವತ್ತು ವರ್ಷ ದನದ ಸಂತೆ ತಿರುಗಿದವರು. ಅವರ ಹಿಂದೆ ದ್ರಾಕ್ಷಿ ತೋಟಕ್ಕೆ ಹೊರಟಿದ್ದ ಏಳೆಂಟು ಜನವೂ ಬಂದರು. ಪಾಂಡಿಯ ಮುಖವನ್ನು ಒಬ್ಬರೂ ನೋಡಲಿಲ್ಲ.

"ಮೊದ್ಲು ಅವನ್ನ ಕೆಳಗೆ ಇಳ್ಸು," ಅಂದರು ದೊಡ್ಡಪ್ಪ.

"ದೊಡ್ಡಪ್ಪಾ, ಅವನು ಹೀರೋ. ಇಳ್ಸಿದ್ರೆ ಕತೇನೇ ಇಲ್ಲ. ಹನ್ನೊಂದಕ್ಕೆ ನಂಗೆ ಬಸ್ಸು..."

"ಯಾವ ಹೀರೋ ಆದ್ರೇನು? ನಾನು ಅದರ ಮೇಲೆ ಕುಂತಿದ್ದೀನಾ? ನಿಮ್ಮಪ್ಪ ಕುಂತವ್ನಾ?"

ಸುಂದರ್ ವೈಟ್ನರ್ ಬಾಟಲಿ ತಂದು, ಪಾಂಡಿಯನ್ನು ಅಳಿಸಿ, ಬಸವನ ಪಕ್ಕದಲ್ಲಿ ನಿಲ್ಲಿಸಿದ. ಆಗ ಗುಂಪಿನಲ್ಲಿದ್ದ ಓಚ್ಚಮ್ಮಾಳ್ ಅಜ್ಜಿ ಕಣ್ಣು ಕಿರಿದುಮಾಡಿ ಬಗ್ಗಿದಳು.

"ಕಾಲಾಗೆ ಬೂಟ್ಸು ಐತಲ್ಲಪ್ಪಾ!"

ಬೂಟು ಹೋಯಿತು. ಕೈಯಲ್ಲಿದ್ದ ಚಾಟಿ ಯಾರಿಗೆ ಎಂಬ ಪ್ರಶ್ನೆ ಎದ್ದು, ಚಾಟಿಯೂ ಹೋಯಿತು. ಖಾಲಿ ಕೈಯನ್ನು ಏನು ಮಾಡಬೇಕು ಎಂದಾಗ ಏಳೆಂಟು ಜನವೂ ಒಟ್ಟಿಗೇ ಕೈ ಜೋಡಿಸಿ ತೋರಿಸಿದರು. ಹತ್ತು ರೌಡಿಗಳನ್ನು ಒಂದೇ ಏಟಿಗೆ ಮಲಗಿಸುವ ಬಿರುಗಾಳಿ ಪಾಂಡಿ, ಬರಿಗಾಲಲ್ಲಿ ಕೈಮುಗಿದು ನಿಂತ.

ಗಂಟೆ ಹತ್ತಾಗಿತ್ತು. ಸುಂದರ್ ಪುಟ ಎತ್ತಿಕೊಳ್ಳಲು ಹೋದ. ದೊಡ್ಡಪ್ಪ ಅವನ ಮಣಿಕಟ್ಟು ಹಿಡಿದರು.

"ಇರುಡಾ. ಇದಕ್ಕೆ ಸುಳಿ ಎಲ್ಲಿ? ಡುಬ್ಬದ ಹಿಂದೆ ಎರಡು ಕೂದ್ಲು ಸುಳಿ ಐತೆ ಅದಕ್ಕೆ. ಎಡಗಡೆ ಕೊಂಬು ಕೊಂಚ ಒಳಕ್ಕೆ ಬಾಗೈತೆ. ಸುಳಿ ಇಲ್ದಿದ್ರೆ ಇದು ಯಾವನ ಎತ್ತು?"

"ಅಷ್ಟು ಸಣ್ಣದು ಯಾರೂ ನೋಡಲ್ಲ ದೊಡ್ಡಪ್ಪಾ!"

"ನಾನು ನೋಡ್ದೆನಲ್ಲ!"

ಮೇಷ್ಟರು ಇನ್ನೊಂದು ಮಾತು ಹೇಳಿದ್ದರು: ಟೀಕೆಗೆ ಹೆದರಬೇಡಿ, ಅದರಿಂದ ಚಿತ್ರ ಬೆಳೆಯುತ್ತದೆ. ಅವರಿಗೆ ಇಂಥ ದೊಡ್ಡಪ್ಪ ಇರಲಿಲ್ಲವೆಂದು ತೋರುತ್ತದೆ. ಸುಂದರ್ ಬೆವರು ಪುಟಕ್ಕೆ ಬೀಳದಂತೆ ತಲೆಗೆ ಟವೆಲ್ ಕಟ್ಟಿಕೊಂಡು ಸುಳಿ ಬರೆದ, ಕೊಂಬು ಬಾಗಿಸಿದ, ಕೊರಳಡಿ ಜೋಲುವ ಗಂಗೆದೊಗಲಿಗೆ ಇನ್ನೊಂದು ಮಡಿಕೆ ಸೇರಿಸಿದ. ಕೊನೆಯ ಗೆರೆ ಎಳೆದಾಗ ದೊಡ್ಡಪ್ಪ ಮೆಲ್ಲಗೆ ಚಪ್ಪಲಿ ಬಿಟ್ಟರು. ಅಮ್ಮಣಿ ಅತ್ತೆ ಒಳಗೆ ಓಡಿದ್ದು ಕುಂಕುಮಕ್ಕೆಂದು ಅರ್ಥವಾದ ಕೂಡಲೇ ಸುಂದರ್ ಪುಟವನ್ನು ಫೈಲಿಗೆ ತುರುಕಿ ಓಟ ಕಿತ್ತ.

ಹನ್ನೊಂದರ ಬಸ್ಸು ಹೋಗಿತ್ತು. ಶೇರ್ ಆಟೋದಲ್ಲಿ ಆರು ಜನರ ನಡುವೆ ಫೈಲನ್ನು ತಲೆಯ ಮೇಲೆ ಹೊತ್ತು ಕಂಬಂ ತಲುಪಿದ. ಅಲ್ಲಿ ಹತ್ತಿದ ಬಸ್ಸು ಉತ್ತಮಪಾಳಯಂನಲ್ಲಿ ಬಾಳೆಗೊನೆಯ ಲಾರಿಗಳ ಹಿಂದೆ ಮುಕ್ಕಾಲು ಗಂಟೆ ನಿಂತಿತು. ಸುಂದರನಿಗೆ ಕಾಲ ಮೀರುವುದು ಒಂದು ಭಯ. ಕಾಲಕ್ಕೆ ಸರಿಯಾಗಿ ತಲುಪಿದರೆ ಬರಿಗಾಲ ಪಾಂಡಿಯನ್ನು ತೋರಿಸಬೇಕಲ್ಲ, ಅದು ಇನ್ನೂ ದೊಡ್ಡ ಭಯ.

ತೇನಿಯ ಆ ಸಭಾಂಗಣದ ಬಾಗಿಲು ಹಾಕಲು ಐದು ನಿಮಿಷ ಇರುವಾಗ ಅವನು ಒಳಗೆ ಬಿದ್ದ. ಮೋಹನ್‌ರಾಜ್ ಕನ್ನಡಕ ಏರಿಸಿ ಮೊದಲ ಪುಟ ನೋಡಿದರು, ಎರಡನೆಯದು, ಮೂರನೆಯದು. "ಗೆರೆಯಲ್ಲಿ ಜೀವ ಇದೆ ತಂಬಿ," ಎಂದರು ತಮಿಳಿನಲ್ಲಿ. "ಇವತ್ತು ಬಂದದ್ದರಲ್ಲಿ ಇದೇ ಮೇಲು." ಅವರು ನಾಲ್ಕನೆಯ ಪುಟ ತಿರುವಿದರು.

"ನನ್ನ ಪಾಂಡಿ ಮೂವತ್ತು ವರ್ಷದಲ್ಲಿ ಯಾರಿಗೂ ಕೈ ಮುಗಿದಿಲ್ಲ," ಎಂದರು. ಸುಂದರ್ ಕಣ್ಣು ಮುಚ್ಚಿದ. ಮತ್ತೆ ತೆರೆದಾಗ ಮೋಹನ್‌ರಾಜ್ ಮೇಜಿನಡಿ ಚಪ್ಪಲಿ ಬಿಡುತ್ತಿದ್ದರು.

"ಡುಬ್ಬದ ಹಿಂದೆ ಎರಡು ಸುಳಿ," ಎಂದರು ಅವರು, ಈ ಸಲ ಅಚ್ಚ ಮನೆಮಾತು ಕನ್ನಡದಲ್ಲಿ. "ನಮ್ಮ ಕಂಬಂ ಬಸವ ಅಲ್ವೇನಪ್ಪಾ ಇದು? ನೀನು ಯಾರ ಮನೆಯವನು?"

ಹೋದ ಜೀವ ಬಂದಂತಾಯಿತು. ನಮ್ಮವರು! ಸುಂದರ್ ಊರು, ಅಪ್ಪನ ಹೆಸರು, ದೊಡ್ಡಪ್ಪನ ಹೆಸರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. "ಹಂಗಾದ್ರೆ ನಂದೇ ಅಚ್ಚಾಗುತ್ತಾ ಅಣ್ಣಾ?"

"ಹೆಂಗೆ ಹಾಕ್ಲಪ್ಪಾ?" ಮೋಹನ್‌ರಾಜರ ಮುಖದಲ್ಲಿ ನಿಜವಾದ ಸಂಕಟವಿತ್ತು. "ಪುಸ್ತಕ ಓದಾದ್ಮೇಲೆ ಹಳೇ ಪೇಪರಂಗಡಿಗೆ ಹೋಗ್ತದೆ. ಅದ್ರಾಗೆ ವಡೆ ಕಟ್ತಾರೆ, ಎಣ್ಣೆ ಕೈ ಒರ್ಸ್ತಾರೆ. ಈ ಸಾಮಿ ಮುಖದ ಮೇಲೆ ಒರ್ಸಾಕೆ ನಾನು ಬಿಡ್ಲಾ? ಕೆಟ್ಟದಾಗಿ ಬರ್ದಿದ್ರೆ ಯಾವುದೋ ಎತ್ತು ಅಂತ ಕಣ್ಮುಚ್ಚಿ ಹಾಕ್ತಿದ್ದೆ. ನೀನು ಸುಳಿ ಸಮೇತ ಬರ್ದಿದ್ದೀಯಲ್ಲ! ನಾಲ್ಕನೇದು ಬಿಟ್ರೆ ನಿಂದು ಮೂರೇ ಪುಟ ಆಯ್ತು. ಅದೂ ಆಗಲ್ಲ."

ಪುಟವನ್ನು ಕಣ್ಣಿಗೊತ್ತಿಕೊಂಡು, ಪೂಜೆಮನೆಗೆ ಇರಲಿ ಎಂದು ತಮ್ಮ ಚೀಲದಲ್ಲಿಟ್ಟುಕೊಂಡರು. ಸುಂದರ್ ಉಳಿದ ಮೂರು ಪುಟವನ್ನು ಫೈಲಿಗೆ ಸೇರಿಸಿದ. ಅವರು ಅವನ ಬೆನ್ನು ತಟ್ಟಿದರು. "ಬಿಡಬೇಡ ತಂಬಿ, ಬರೀತಾ ಇರು. ಮುಂದಿನ ಸಲ ಕೊಂಚ ಕೆಟ್ಟದಾಗಿ ಬರಿ."

ವಾಪಸು ಬಸ್ಸಿನಲ್ಲಿ ಫೋನು ಬಂತು. ಅಮ್ಮಣಿ ಅತ್ತೆ.

"ಸುಂದರು, ದೊಡ್ಡಪ್ಪ ಕಂಬಂಗೆ ಹೋಗಿ ಗಾಜಿನ ಫ್ರೇಮು ತಂದವ್ರೆ. ಹೂವಿನ ಹಾರಾನೂ ಬಂತು. ಚಿತ್ರ ಜೋಪಾನವಾಗಿ ತಾಡಾ, ಎಲ್ಲಾ ಜಗಲಿ ಮೇಲೇ ಕುಂತವ್ರೆ!"

ಸುಂದರನ ಫೈಲಿನಲ್ಲಿ ಒಂದು ಖಾಲಿ ಹಾಳೆಯಿತ್ತು. ತೊಡೆಯ ಮೇಲಿಟ್ಟುಕೊಂಡು, ನೆನಪಿನಿಂದಲೇ ಬಸವನನ್ನು ಬರೆಯತೊಡಗಿದ. ಬಸ್ಸು ಪ್ರತಿ ಗುಂಡಿಗೂ ಒಂದು ಕೊಂಬು ತಿರುಚಿತು. ಡುಬ್ಬ ಬರೆಯುವಾಗ ಬ್ರೇಕು ಬಿತ್ತು. ಸುಳಿ ಹೋಗಿ ಕಿವಿಯಲ್ಲಿ ಕೂತಿತು. ಉತ್ತಮಪಾಳಯಂ ದಾಟುವಷ್ಟರಲ್ಲಿ ಚಿತ್ರ ಮುಗಿಯಿತು.

ಪಕ್ಕದಲ್ಲಿ ಕೂತಿದ್ದ ಮುದುಕ ಬಗ್ಗಿ ನೋಡಿದ. "ಆಡು ತಾನೇ ತಂಬಿ?" ಎಂದು ಕೇಳಿ ಮೆಚ್ಚುಗೆಯಿಂದ ತಲೆಯಾಡಿಸಿದ.

ಸುಂದರ್ ಹಾಳೆಯನ್ನು ದೂರ ಹಿಡಿದು ನೋಡಿದ. ಮೋಹನ್‌ರಾಜ್ ಕಣ್ಮುಚ್ಚಿ ಅಚ್ಚು ಹಾಕುವಂಥ ಪುಟ ಕೊನೆಗೂ ಸಿದ್ಧವಾಗಿತ್ತು. ಬಸ್ಸು ಮಾತ್ರ ದೊಡ್ಡಪ್ಪನ ಕಡೆಗೆ ಓಡುತ್ತಿತ್ತು.