ನೀಳಗೈ ಸಂಸ್ಥೆಗೆ, ನೀರು ನುಗ್ಗಿದ ಬೀದಿಯ ಪರವಾಗಿ

ಮಾನ್ಯರೇ,

ಕುಳಿತಲ್ಲಿಂದಲೇ ಯಾವ ದೂರದ ಕಂಪ್ಯೂಟರಿಗಾದರೂ ಕೈಚಾಚಬಲ್ಲ 'ನೀಳಗೈ' ತಂತ್ರಾಂಶವನ್ನು ನಮ್ಮಂಥವರಿಗೆ ಕರುಣಿಸಿದ ತಮಗೂ, ತಮ್ಮ ಆಡಳಿತ ಮಂಡಳಿಗೂ, ಮೊನ್ನೆ ನನಗೆ ಪತ್ರ ಬರೆದ ಪ್ರಚಾರ ವಿಭಾಗದವರಿಗೂ, ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೊಳಾಯಿ ನಕ್ಷೆ ಬರೆದುಕೊಂಡು ಬಂದಿರುವ ಈ ಹೆಂಗಸಿನ ಸವಿನಯ ನಮಸ್ಕಾರಗಳು. ಕಾಲಿಗೆ ಪ್ಲಾಸ್ಟರ್ ಹಾಕಿರುವುದರಿಂದ ಎದ್ದು ನಿಂತು ನಮಸ್ಕರಿಸಲಾಗುತ್ತಿಲ್ಲ, ಮನ್ನಿಸಬೇಕು.

'ಮುರಿದ ಕಾಲಿನಲ್ಲೇ ಬೀದಿಯನ್ನು ಉಳಿಸಿದ ಮಹಿಳೆ' ಎಂಬ ತಲೆಬರಹದಲ್ಲಿ ತಾವು ಹೊರತರಲಿರುವ ಜಾಹೀರಾತಿಗೆ ನನ್ನಿಂದ ನಾಲ್ಕು ಸಾಲಿನ ಮೆಚ್ಚುಗೆ ಬೇಕೆಂದು ಕೇಳಿದ್ದೀರಿ. ನಾಲ್ಕು ಸಾಲಿನಲ್ಲಿ ಮೆಚ್ಚಿ ಮುಗಿಸುವಷ್ಟು ಸಣ್ಣ ಉಪಕಾರವನ್ನು ತಾವು ಮಾಡಿಲ್ಲವಾದ್ದರಿಂದ ಪತ್ರ ಕೊಂಚ ಉದ್ದವಾಗಿದೆ. ತಮ್ಮ ಕೀರ್ತಿ ಹತ್ತು ಜನರ ಕಿವಿಗೆ ಬೀಳಲಿ ಎಂದು ಇದರ ಪ್ರತಿಯನ್ನು ಪತ್ರಿಕೆಯವರಿಗೂ ಕೊಟ್ಟಿದ್ದೇನೆ.

ತಾವು ನಮ್ಮ ಕಚೇರಿಗೆ ಮೊದಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ ತಮ್ಮ ಪ್ರತಿನಿಧಿ, ದೊಡ್ಡ ಸಾಹೇಬರ ಎದುರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ, "ಇನ್ಮೇಲೆ ಕಚೇರಿ ನಿಮ್ಮ ಹಿಂದೇನೇ ಬರುತ್ತೆ ಸಾರ್, ನೀವು ಅದರ ಹಿಂದೆ ಹೋಗಬೇಕಾಗಿಲ್ಲ" ಎಂದರು. ಸಾಹೇಬರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಎರಡು ಬೀರು ತುಂಬ ಇದ್ದ ನಮ್ಮ ಕಾಗದದ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಮೂರನೇ ಮಹಡಿಯ ಕಿಟಕಿ ಪಕ್ಕದ ನನ್ನ ಕಂಪ್ಯೂಟರಿಗೆ ತುಂಬಿಸಿ, ಕಾಗದವನ್ನು ಗುಜರಿಗೆ ಹಾಕಿಸಿಬಿಟ್ಟರು. ಖಾಲಿಯಾದ ಜಾಗದಲ್ಲಿ ಈಗ ಒಂದು ಪ್ಲಾಸ್ಟಿಕ್ ಗಿಡವಿದೆ. ಅದಕ್ಕೆ ನೀರು ಬೇಕಾಗಿಲ್ಲ. ನೀರಿನ ಕಚೇರಿಗೆ ಒಪ್ಪುವ ಗಿಡ.

ಆಮೇಲೆ ನಾನು ಕಚೇರಿಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡೆ, ಮನೆಯಲ್ಲಿದ್ದುಕೊಂಡೇ ಕೆಲಸ ಮಾಡುವ ಭಾಗ್ಯ ತಮ್ಮಿಂದ ಒದಗಿತು. ಮೌಸನ್ನು ನಾನು ಇಲ್ಲಿ ಸರಿಸಿದರೆ ಅಲ್ಲಿನ ಬಾಣ ಯೋಚನೆ ಮಾಡಿ, ಮನಸ್ಸು ಬಂದಾಗ ಹೊರಡುವುದನ್ನು ನೋಡಿ ನಾನು ತಾಳ್ಮೆ ಕಲಿತೆ. ಒಂದು ಸಾಧನದಿಂದ ಇನ್ನೊಂದಕ್ಕೆ ಕಡತ ಸಾಗಿಸುವ ತಮ್ಮ ಔದಾರ್ಯವನ್ನಂತೂ ಮರೆಯುವಂತಿಲ್ಲ. ನನ್ನ ಲ್ಯಾಪ್‌ಟಾಪಿಗೆಂದು ಕಳಿಸಿದ ಚರಂಡಿ ನಕ್ಷೆಯೊಂದನ್ನು ತಾವು ನಮ್ಮ ಅತ್ತೆಯ ಟ್ಯಾಬಿಗೆ ತಲುಪಿಸಿದಿರಿ. ಹೆಣಿಗೆಯ ಹೊಸ ಮಾದರಿ ಬಂದಿದೆಯೆಂದು ಅವರು ಎರಡು ದಿನ ಉಣ್ಣೆ ಹೆಣೆದು, "ಇದೇನಮ್ಮ, ಎಲ್ಲಿಂದ ಶುರು ಮಾಡಿದ್ರೂ ಮೋರಿಗೇ ಹೋಗಿ ಸೇರುತ್ತಲ್ಲ" ಎಂದು ನನ್ನನ್ನು ಕೇಳಿದರು. ಇಲ್ಲಿಯವರೆಗಿನದನ್ನು ನಗುತ್ತಲೇ ಸಹಿಸಿದೆವು ಎಂಬುದು ತಮ್ಮ ಗಮನಕ್ಕಿರಲಿ.

ಕಳೆದ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಕೀಲಿಯಣ್ಣನ ಫೋನು ಬಂತು. ವಾಲ್ವು ತಿರುಗಿಸುವ ಆಳೆತ್ತರದ ಕೀಲಿಯನ್ನು ಹೆಗಲ ಮೇಲೆ ಹೊತ್ತು ತಿರುಗುವ ಈ ಹಿರಿಯ ನೌಕರರನ್ನು ನಾವೆಲ್ಲ ಹಾಗೆಯೇ ಕರೆಯುವುದು. "ಮೇಡಮ್, ಹೊಲಿಗೆ ಕಟ್ಟಡದ ಬೀದೀಲಿ ದೊಡ್ಡ ಪೈಪು ಒಡೆದಿದೆ. ನೀರು ನೆಲಮಾಳಿಗೆಗೆ ನುಗ್ತಾ ಇದೆ. ಇದು ನನ್ನ ಬೀದಿಯಲ್ಲ, ವಾಲ್ವು ಎಲ್ಲಿದೆ ಹೇಳಿ" ಎಂದರು. ಆ ಬೀದಿಯ ವಾಲ್ವು ಗೊತ್ತಿದ್ದವರು ನಿವೃತ್ತರಾಗಿ, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಅಲ್ಲಿ ಇರುವುದು ಎರಡು ವಾಲ್ವು. ಎರಡರ ಮುಚ್ಚಳವೂ ಹೊಸ ಡಾಂಬರಿನಡಿ ಹೂತುಹೋಗಿದೆ. ತಪ್ಪು ವಾಲ್ವನ್ನು ಮುಚ್ಚಿದರೆ ಟ್ಯಾಂಕಿನ ನೀರೆಲ್ಲ ಒಡೆದ ಬಾಯಿಯಿಂದಲೇ ಹೊರಬರುತ್ತದೆ. ನನಗೆ ನೆನಪಿರಬೇಕಿತ್ತು ಎನ್ನುವಿರಾದರೆ, ಊರಿನಲ್ಲಿ ಇಂಥವು ಸಾವಿರದ ನಾನೂರಿವೆ.

ಆ ನೆಲಮಾಳಿಗೆಯಲ್ಲಿ ಹನ್ನೆರಡು ಹೆಂಗಸರು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಅವರಲ್ಲಿ ಅಂಗಿಗೆ ಕಾಜಾ ಹೊಲಿಯುವವಳು ನನ್ನ ನಾದಿನಿ. ಅವಳ ತಾಯಿ, ಅಂದರೆ ನಮ್ಮ ಅತ್ತೆ, ಆಗ ನನ್ನ ಮಂಚದ ತುದಿಯಲ್ಲೇ ಕುಳಿತಿದ್ದರು.

ನಾನು ತಮ್ಮ ಬಾಗಿಲು ತಟ್ಟಿದೆ. ತಾವು ಎಂದಿನಂತೆ ನಗುಮುಖದಿಂದ ಸ್ವಾಗತಿಸಿ, ಹಿಂದಿನ ದಿನವಷ್ಟೇ ತಾವು ನವೀಕರಣಗೊಂಡಿರುವಿರೆಂದೂ, ನನ್ನ ಸುರಕ್ಷತೆಯ ಮೇಲಿನ ಕಾಳಜಿಯಿಂದ ಇನ್ನು ಮುಂದೆ ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತವರು ಮೂವತ್ತು ಸೆಕೆಂಡಿನೊಳಗೆ 'ಒಪ್ಪಿಗೆ' ಒತ್ತಿದರೆ ಮಾತ್ರ ನನ್ನನ್ನು ಒಳಬಿಡುವಿರೆಂದೂ ತಿಳಿಸಿದಿರಿ. ಆ ಕಂಪ್ಯೂಟರಿನ ಮುಂದೆ ಕೂರಬೇಕಾದವಳು ನಾನೇ ಎಂದು ತಿಳಿಸಲು ಅಲ್ಲಿ ಜಾಗವಿರಲಿಲ್ಲ. ಸಹೋದ್ಯೋಗಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಅವರೆಲ್ಲ ಕೆಳಗಿನ ಸಭಾಂಗಣದಲ್ಲಿ, ಫೋನುಗಳನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿ ಹಾಕಿ, ನೀಳಗೈಯ ಸಮರ್ಥ ಬಳಕೆ ಕುರಿತು ತಮ್ಮವರೇ ನಡೆಸುತ್ತಿದ್ದ ತರಬೇತಿಗೆ ಕುಳಿತಿದ್ದರು.

ತರಬೇತಿಗೆ ಕರೆಯದೆ ಬಿಟ್ಟಿದ್ದು ಒಬ್ಬರನ್ನು ಮಾತ್ರ, ಮಹಡಿ ಗುಡಿಸುವ ಅಕ್ಕನನ್ನು. ಅವರು ನನ್ನ ಫೋನು ಎತ್ತಿ, ಲಿಫ್ಟು ಕೆಟ್ಟಿದ್ದರಿಂದ ನೋಯುವ ಮಂಡಿಯಲ್ಲೇ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ನನ್ನ ಕುರ್ಚಿಯಲ್ಲಿ ಕುಳಿತರು. ತಮ್ಮ ಗುಂಡಿಗಳ ಮೇಲಿನ ಬರಹ ಅವರಿಗೆ ಬಾರದ ಭಾಷೆಯದು. "ನೀಲಿ ಒಂದಿದೆ, ಬೂದು ಒಂದಿದೆ. ಯಾವುದು ಒತ್ತಲಿ ಮೇಡಮ್" ಎಂದು ಕೇಳಿದರು. ಇಲ್ಲಿಯವರೆಗೆ ತಮ್ಮ ಬೇರೆಲ್ಲ ಪ್ರಶ್ನೆಗಳಿಗೂ ನೀಲಿಯೇ ಒಪ್ಪಿಗೆಯಾಗಿತ್ತಲ್ಲ, ನೀಲಿ ಒತ್ತಿ ಎಂದೆ. ನವೀಕರಣದಲ್ಲಿ ತಾವು ಬಣ್ಣಗಳನ್ನು ಅದಲುಬದಲು ಮಾಡಿದ್ದೀರೆಂದು ತಿಳಿದದ್ದು, ನನ್ನ ಮನವಿಯನ್ನು ನಿರಾಕರಿಸಲಾಗಿದೆ, ಭದ್ರತೆಯ ದೃಷ್ಟಿಯಿಂದ ಐದು ನಿಮಿಷದ ನಂತರ ಮತ್ತೆ ಪ್ರಯತ್ನಿಸಿ ಎಂಬ ತಮ್ಮ ವಿನಯದ ವಾಕ್ಯ ತೆರೆಯ ಮೇಲೆ ಬಂದಾಗ.

ಆ ಐದು ನಿಮಿಷವನ್ನು ವ್ಯರ್ಥ ಮಾಡದಿರಲು ನಾದಿನಿಗೆ ಫೋನು ಮಾಡಿದೆ. "ಅತ್ತಿಗೆ, ನೀರು ಮೊಣಕಾಲಿಗೆ ಬಂದಿದೆ, ಮೇಸ್ತ್ರಿ ಮೊದಲು ಬಟ್ಟೆ ಗಂಟು ಮೇಲೆ ಸಾಗಿಸಿ ಅಂತಿದಾರೆ" ಎಂದಳು. ಹೊಲಿಗೆ ಯಂತ್ರಗಳು ಚಾಲೂ ಇವೆಯೇ ಎಂದು ಕೇಳಿದೆ. ಇವೆ, ದೀಪವೂ ಉರಿಯುತ್ತಿದೆ ಎಂದಳು. "ಗಂಟು ಹಾಳಾಗಿ ಹೋಗಲಿ, ಎಲ್ಲರನ್ನೂ ಕರ್ಕೊಂಡು ಮೇಲೆ ಹೋಗು" ಎಂದು ನಾನು ಹೇಳುತ್ತಿರುವಾಗ ತೆರೆಯ ಮೇಲೆ ತಮ್ಮ ಗಡಿಯಾರ ಮೂರು ನಿಮಿಷ ನಲವತ್ತು ಸೆಕೆಂಡು ತೋರಿಸುತ್ತಿತ್ತು, ನನ್ನ ಕಣ್ಣು ಅತ್ತಲೇ ಹೋಯಿತು. ಅತ್ತೆ ನನ್ನ ಭುಜ ಹಿಡಿದು, "ಆ ಪೆಟ್ಟಿಗೇನ ಆಮೇಲೆ ನೋಡು, ಅವಳ ಜೊತೆ ಮಾತಾಡು" ಎಂದರು. ಅಷ್ಟರಲ್ಲಿ ಫೋನು ಕಡಿದುಹೋಗಿತ್ತು. ಮತ್ತೆ ಮಾಡಿದರೆ ಬರೀ ರಿಂಗಾಗುತ್ತಿತ್ತು.

ಎರಡನೇ ಸಲ ಅಕ್ಕ ಬೂದು ಒತ್ತಿದರು, ನಕ್ಷೆ ತೆರೆದುಕೊಂಡಿತು. ಅದನ್ನು ಕೀಲಿಯಣ್ಣನಿಗೆ ಕಳಿಸಲು ಹೋದರೆ, ಪಡೆಯುವವರೂ ನೀಳಗೈ ಹಾಕಿಸಿಕೊಂಡು ಖಾತೆ ತೆರೆಯಬೇಕು ಎಂದಿರಿ; ಅವರ ಕೈಯಲ್ಲಿದ್ದದ್ದು ಮಾತಾಡಲು ಮಾತ್ರ ಬರುವ ಗುಂಡಿ ಫೋನು. ಕೊನೆಗೆ ನಾನು ನಕ್ಷೆ ನೋಡಿ ಬಾಯಲ್ಲಿ ಹೇಳಿದೆ, ಮೂಲೆಯ ಮನೆಯ ಗೋಡೆಯಿಂದ ಒಂಬತ್ತು ಮೀಟರು, ರಸ್ತೆಯ ಎಡಕ್ಕೆ. ಅವರು ಸೊಂಟದ ಬೆಲ್ಟು ಬಿಚ್ಚಿ ಅದರಿಂದಲೇ ಅಳೆದು, ಹಾರೆಯಿಂದ ಡಾಂಬರು ಕಿತ್ತು, ಕೀಲಿ ಹಾಕಿ ತಿರುಗಿಸಿದರು. "ನಿಂತಿತು ಮೇಡಮ್" ಎಂದಾಗ ಹನ್ನೊಂದೂ ಆರು.

ಅದಕ್ಕೂ ನಾಲ್ಕು ನಿಮಿಷ ಮೊದಲು ನೆಲಮಾಳಿಗೆಯಲ್ಲಿ ನಡೆದದ್ದನ್ನು ತಮ್ಮ ಪ್ರಚಾರ ವಿಭಾಗದ ಪತ್ರದಲ್ಲಿ ಕಾಣಲಿಲ್ಲ, ಆದ್ದರಿಂದ ತಿಳಿಸುತ್ತಿದ್ದೇನೆ. ಒಂಬತ್ತು ಜನ ಮೆಟ್ಟಿಲು ಹತ್ತಿದ್ದರು. ಇಬ್ಬರು ಇನ್ನೂ ಗಂಟು ಹೊತ್ತು ನೀರಿನಲ್ಲಿದ್ದರು. ನಾದಿನಿ ಹಿಂತಿರುಗಿ, ಗೋಡೆಯ ಮೇನ್ ಸ್ವಿಚ್ಚನ್ನು ಒದ್ದೆ ಬಲಗೈಯಿಂದ ಎಳೆದಳು. ದೀಪ ಆರಿತು, ಅವಳು ಹಿಂದಕ್ಕೆ ಬಿದ್ದಳು. ಆ ಇಬ್ಬರೇ ಅವಳನ್ನು ಹೊತ್ತು ಮೇಲೆ ತಂದರು. ಬದುಕಿದ್ದಾಳೆ. ಅಂಗೈ ಸುಟ್ಟಿದೆ, ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳಲ್ಲಿ ಸ್ಪರ್ಶಜ್ಞಾನವಿಲ್ಲ, ಬರಬಹುದು, ತಿಂಗಳುಗಳು ಹಿಡಿಯುತ್ತವೆ ಎಂದಿದ್ದಾರೆ ವೈದ್ಯರು. ಸೂಜಿ ಹಿಡಿಯುವುದು ಆ ಮೂರು ಬೆರಳಿನಲ್ಲೇ. ಅತ್ತೆ ದಿನವೂ ಅವಳ ಬೆರಳ ತುದಿಗೆ ಉಣ್ಣೆಯ ಎಳೆ ಸೋಕಿಸಿ, "ಗೊತ್ತಾಗುತ್ತಾ" ಎಂದು ಕೇಳುತ್ತಾರೆ. ಅಮ್ಮನ ಸಮಾಧಾನಕ್ಕೆ ಅವಳು ಒಮ್ಮೊಮ್ಮೆ ಹೂಂ ಎನ್ನುತ್ತಾಳೆ.

ದೊಡ್ಡ ಸಾಹೇಬರು ಮೇಲಿನವರಿಗೆ ಕಳಿಸಿದ ವರದಿಯಲ್ಲಿ, ದೂರ ಸಂಪರ್ಕ ವ್ಯವಸ್ಥೆಯಿಂದಾಗಿ ಅವಘಡವನ್ನು ಕೇವಲ ಇಪ್ಪತ್ತಾರು ನಿಮಿಷದಲ್ಲಿ ನಿಭಾಯಿಸಲಾಯಿತು ಎಂದಿದೆ. ನಮ್ಮ ಬೀರುವಿನಿಂದ ಆ ನಕ್ಷೆ ತೆಗೆಯಲು ಹಿಂದೆ ಎರಡು ನಿಮಿಷ ಸಾಕಾಗುತ್ತಿತ್ತು. 'ಕೇವಲ' ಎಂಬ ಪದದ ಬಳಕೆಯಲ್ಲಿ ಸಾಹೇಬರೂ ತಾವೂ ಹೊಂದಿರುವ ಪ್ರಾವೀಣ್ಯಕ್ಕೆ ನಾನು ತಲೆಬಾಗುತ್ತೇನೆ.

ತಮ್ಮ ಸೇವೆ ಇನ್ನಷ್ಟು ಬೆಳಗಲೆಂದು ಕೆಲವು ಬಿನ್ನಹಗಳಿವೆ. ತಮ್ಮ ಮುಂದಿನ ನವೀಕರಣವನ್ನು ರೂಪಿಸುವವರು ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಲಸ ಮಾಡುವಂತಾಗಲಿ. ಮೂವತ್ತು ಸೆಕೆಂಡು ಎಷ್ಟು ಉದ್ದವಿರಬೇಕು, ಐದು ನಿಮಿಷ ಎಷ್ಟು ಗಿಡ್ಡವಿರಬೇಕು ಎಂಬುದು ಅಲ್ಲಿ ತಾನಾಗಿ ಹೊಳೆಯುತ್ತದೆ. ತಮ್ಮ ಅಧ್ಯಕ್ಷರು ದಯಮಾಡಿ ನಮ್ಮ ಮೂರನೇ ಮಹಡಿಯಲ್ಲಿ ಕುಳಿತು, ನಾನು ಕೋರಿದಾಗಲೆಲ್ಲ ಒಪ್ಪಿಗೆ ಒತ್ತುವ ಹೊಣೆ ಹೊರಲಿ. ಅಕ್ಕನ ಮಂಡಿ ಇನ್ನು ತಡೆಯದು. ಎಲ್ಲಿಗೆ ಬೇಕಾದರೂ ಚಾಚುವ ತಮ್ಮ ನೀಳವಾದ ಕೈಗೆ ಒದ್ದೆ ಗೋಡೆಯ ಮೇಲಿನ ಸ್ವಿಚ್ಚೊಂದನ್ನು ಕೆಳಗೆಳೆಯುವಷ್ಟು ಬಲವೂ ಬರಲಿ. ಇವುಗಳಲ್ಲಿ ಒಂದೂ ಆಗದ ಪಕ್ಷದಲ್ಲಿ, ತಮ್ಮ ಉತ್ಪನ್ನ ನಮಗೆ ಕೈಕೊಟ್ಟಿತು ಎಂಬ ನಾಲ್ಕು ಪದಗಳನ್ನಾದರೂ ಜಾಹೀರಾತಿನ ಮೂಲೆಯಲ್ಲಿ ಅಚ್ಚು ಹಾಕಿಸಿ.

ಸದ್ಯಕ್ಕೆ ನಾನು ಮಂಚದ ಮೇಲೆ ಹಲಗೆ ಇಟ್ಟುಕೊಂಡು ನಕ್ಷೆಗಳನ್ನು ಮತ್ತೆ ಕಾಗದಕ್ಕೆ ಇಳಿಸುತ್ತಿದ್ದೇನೆ. ಕೀಲಿಯಣ್ಣ ಸಂಜೆ ಬಂದು, ಆ ದಿನ ತಿರುಗಿದ ಬೀದಿಯ ಅಳತೆ ಹೇಳುತ್ತಾರೆ, ಅತ್ತೆ ಸ್ಕೇಲು ಹಿಡಿಯುತ್ತಾರೆ. ಇನ್ನೂರಾ ಹತ್ತು ಮುಗಿದಿವೆ. ಅನುಮತಿಯಿಲ್ಲದೆ ಕಾಗದ ಬಳಸಿದ್ದಕ್ಕೆ ಕಾರಣ ಕೇಳಿ ಸಾಹೇಬರು ನೋಟಿಸು ಕಳಿಸಿದ್ದಾರೆ; ಉತ್ತರವಾಗಿ ಈ ಪತ್ರದ ಇನ್ನೊಂದು ಪ್ರತಿಯನ್ನು ಅವರಿಗೂ ಕಳಿಸುತ್ತಿದ್ದೇನೆ.

ತಮ್ಮನ್ನು ನಂಬಿದ ತಪ್ಪಿಗೆ ಇಂದಿಗೂ ನಾದಿನಿಯ ಮುಖ ನೋಡಲು ಹಿಂಜರಿಯುವ,
ತಮ್ಮ ವಿಶ್ವಾಸಿ,
ನಕ್ಷೆ ಬರೆಯುವವಳು

ತಾ.ಕ.: ಜಾಹೀರಾತಿಗೆ ಕೈಯೊಂದರ ಚಿತ್ರವಿದ್ದರೆ ಚೆನ್ನ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಾದಿನಿ ತನ್ನ ಬಲಗೈಯ ಚಿತ್ರವನ್ನು ಇದರೊಂದಿಗೆ ಕಳಿಸಿದ್ದಾಳೆ, ಪಟ್ಟಿ ಬಿಚ್ಚಿ ತೆಗೆದದ್ದು. ಎಡಗೈಯಲ್ಲಿ ತಾನೇ ತೆಗೆದುಕೊಂಡದ್ದರಿಂದ ಕೊಂಚ ಅಲುಗಿದೆ. ದಯವಿಟ್ಟು ಅದನ್ನು ತಿದ್ದಿ ನುಣುಪು ಮಾಡಬೇಡಿ.