ಸೋಡಾಬುಡ್ಡಿಯ ಬೆರಳು

ಸೋಡಾಬುಡ್ಡಿ ಅಂದರೆ ನಮ್ಮ ಬೀದಿಯ ಸೆಲೂನಿನವನು. ಚಿಕ್ಕಂದಿನಿಂದ ಹೊತ್ತಿದ್ದ ದಪ್ಪ ಕನ್ನಡಕವನ್ನೂ ಆ ಅಡ್ಡಹೆಸರನ್ನೂ ಒಟ್ಟಿಗೇ ಕಳಚಿಹಾಕಬೇಕೆಂದು ಹೋದ ವಾರವಷ್ಟೇ ಕಣ್ಣಿಗೆ ಲೇಸರ್ ಮಾಡಿಸಿಕೊಂಡಿದ್ದ. ಕನ್ನಡಕ ಹೋಯಿತು, ಹೆಸರು ಹೋಗಲಿಲ್ಲ. ಸಾಲದ್ದಕ್ಕೆ ಇವತ್ತು ಬೆಳಿಗ್ಗೆ ಬಲಗಣ್ಣು ಕೆಂಪಗೆ ಊದಿಕೊಂಡು ನೀರು ಸುರಿಸುತ್ತಿತ್ತು.

ಮೊದಲ ಗಿರಾಕಿ ನಿವೃತ್ತ ಮೇಷ್ಟ್ರು. ಒಂದು ಕೆನ್ನೆ ನುಣ್ಣಗಾಗಿತ್ತು. ಕತ್ತಿ ಇನ್ನೊಂದರ ಕಡೆ ಹೊರಳುವಾಗ ಕನ್ನಡಿಯಲ್ಲಿ ಅವರಿಗೆ ಆ ಕಣ್ಣು ಕಂಡಿತು.

"ಅಯ್ಯಯ್ಯೋ! ಮೊದ್ಲು ಕತ್ತಿ ಕೆಳಗಿಡೋ! ನನ್ನ ಕುತ್ತಿಗೆ ನಿನಗೆ ಕಾಣ್ತಿದ್ಯೇನೋ?"

"ಸ್ವಲ್ಪ ಮಸುಕು ಮೇಷ್ಟ್ರೇ. ಆದ್ರೆ ಕೈಗೆ ದಾರಿ ಗೊತ್ತಲ್ಲ."

ಬೆಂಚಿನ ಮೇಲೆ ಕಾಯುತ್ತಿದ್ದವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಪಕ್ಕದಂಗಡಿಯ ಟೈಲರ್ ಇಸ್ತ್ರಿಪೆಟ್ಟಿಗೆ ಹಿಡಿದೇ ಓಡಿಬಂದ. "ಬಟ್ಟೆ ಬಿಸಿ ಮಾಡಿ ಶಾಖ ಕೊಡ್ತೀನಿ, ಬಾರೋ!"

"ನಿನ್ನ ತಲೆ! ಕಣ್ಣೇನು ಪ್ಯಾಂಟೇನೋ?" ಎಂದು ಗದರಿ, ಮೇಷ್ಟ್ರು ಅರ್ಧ ಗಡ್ಡದಲ್ಲೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೊರಟರು. ದಾರಿಯುದ್ದಕ್ಕೂ ಸೋಡಾಬುಡ್ಡಿಗೆ ಒಂದೇ ದಿಗಿಲು. ಕಣ್ಣು ಹೋದರೆ ಅಪ್ಪ ಕಟ್ಟಿದ ಅಂಗಡಿಯೂ ಹೋದಂತೆಯೇ.

"ಗಲ್ಲ ಇಲ್ಲಿಡಿ. ಹಸಿರು ದೀಪ ನೋಡಿ. ಅಲ್ಲಾಡಬೇಡಿ," ಎಂದಳು ಆಸ್ಪತ್ರೆಯಲ್ಲಿ ಕಣ್ಣಿನ ಚಿತ್ರ ತೆಗೆಯುವ ಯಂತ್ರದ ಹಿಂದೆ ಕೂತಿದ್ದ ಹುಡುಗಿ. ಜೀವಮಾನವೆಲ್ಲ ಊರವರ ಗಲ್ಲ ಹಿಡಿದು ಇದೇ ಮಾತು ಹೇಳಿದ್ದವನು ತೆಪ್ಪಗೆ ಗಲ್ಲ ಒಪ್ಪಿಸಿದ.

ಪರದೆಯ ಮೇಲೆ ಅವನ ಕಾರ್ನಿಯಾ ಪದರ ಪದರವಾಗಿ ಮೂಡಿತು. ಡಾಕ್ಟರಮ್ಮ ಒಂದು ಬಿಳಿ ಮಚ್ಚೆ ತೋರಿಸಿದರು.

"ಇದೇ ಸೋಂಕು. ಲೇಸರ್ ಕೊಯ್ದ ಅಂಚಲ್ಲೇ ಕೂತಿದೆ. ಪುಣ್ಯಕ್ಕೆ ಆಳಕ್ಕಿಳಿದಿಲ್ಲ, ಚಿತ್ರದಲ್ಲಿ ಕಾಣುತ್ತೆ. ಇವತ್ತೇ ಡ್ರಾಪ್ಸ್ ಶುರು ಮಾಡೋಣ, ನಾಳೆ ಮತ್ತೆ ಚಿತ್ರ ತೆಗೀತೀವಿ. ಅದ್ಸರಿ, ಪಕ್ಕದಲ್ಲೊಂದು ಗೀರಿದೆ, ಉಗುರು ತಾಗಿದ ಹಾಗೆ. ಕಣ್ಣು ಮುಟ್ಟಿದ್ರಾ?"

"ದೇವರಾಣೆಗೂ ಇಲ್ಲ ಡಾಕ್ಟ್ರಮ್ಮ!" ಎನ್ನುತ್ತಲೇ ಸೋಡಾಬುಡ್ಡಿಯ ತೋರುಬೆರಳು ತಾನಾಗಿ ಮೇಲೆದ್ದಿತು. ಇಲ್ಲದ ಕನ್ನಡಕದ ಕೆಳಗಂಚನ್ನು ತಳ್ಳಲು ಹೋಗಿ ಸೀದಾ ಕಣ್ಣಿಗೇ ನುಗ್ಗಿತು. ಮೇಷ್ಟ್ರು ಗಬಕ್ಕನೆ ಕೈ ಹಿಡಿದರು.

"ಸಿಕ್ಕಿಬಿದ್ದ ಕಳ್ಳ!"

ಉಗುರಿನ ಸಂದಿಯಲ್ಲಿ ಬೆಳಗಿನ ನೊರೆ ಒಣಗಿ ಕೂತಿತ್ತು. ಅದನ್ನು ನೋಡುತ್ತ ಸೋಡಾಬುಡ್ಡಿಗೆ ಹಳೆಯ ದಿನಗಳು ನುಗ್ಗಿ ಬಂದವು. ಮೊದಲ ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ನಿಂತು ಕತ್ತರಿ ಕಲಿಯುತ್ತಿದ್ದಾಗ, ಕನ್ನಡಕ ಜಾರಿದಾಗಲೆಲ್ಲ ಅಪ್ಪ ನೊರೆಯ ಬೆರಳಿನಿಂದಲೇ ಮೇಲೆ ತಳ್ಳುತ್ತಿದ್ದ. "ಜಾರ್ತಿದೆ ನೋಡೋ ಮಗಾ!" ಗಾಜಿಗೆ ನೊರೆ ಮೆತ್ತಿ ಲೋಕವೆಲ್ಲ ಬೆಳ್ಳಗಾಗಿ ಇಬ್ಬರೂ ನಗುತ್ತಿದ್ದರು. ಅಪ್ಪ ಹೋದ ಮೇಲೆ ಆ ಕೆಲಸ ಇವನ ಬೆರಳಿಗೆ ಬಂದಿತ್ತು. ಈಗ ಎರಡೂ ಕಣ್ಣಲ್ಲಿ ನೀರು ತುಂಬಿತು.

"ಈ ಬೆರಳು ನನ್ನ ಮಾತು ಕೇಳಲ್ಲ. ಏನ್ಮಾಡ್ಲಿ?"

"ಹಳೇ ಫ್ರೇಮಿಗೆ ಪವರಿಲ್ಲದ ಗಾಜು ಹಾಕಿಸ್ಕೊಳ್ಳಿ. ಎದ್ದಾಗಿಂದ ಮಲಗೋವರೆಗೂ ಮೂಗಿನ ಮೇಲಿರ್ಲಿ. ವಾಸಿಯಾಗೋ ತನಕ ಕತ್ತಿ ಮುಟ್ಟಬೇಡಿ."

ಮೇಷ್ಟ್ರು ಕೆನ್ನೆ ಸವರಿಕೊಂಡರು. "ಹಂಗಾದ್ರೆ ನನ್ನ ಇನ್ನರ್ಧ?"

ಸಂಜೆ ಅಂಗಡಿಯ ಬಾಗಿಲು ಹಾಕುತ್ತಿದ್ದಾಗ ಟೈಲರ್ ಬೀದಿಗೆಲ್ಲ ಕೇಳುವಂತೆ ಕೂಗಿದ. "ಓಹೋ, ಸೋಡಾಬುಡ್ಡಿ! ಮತ್ತೆ ಕನ್ನಡಕ ಬಂತಾ? ಲೇಸರ್ ಕೈಕೊಡ್ತೇನೋ?"

ಸೋಡಾಬುಡ್ಡಿ ವಿವರಿಸಲು ಬಾಯಿ ತೆರೆದ. ಅಷ್ಟರಲ್ಲಿ ಕನ್ನಡಕ ಜಾರಿತು. ಬೆರಳು ಎದ್ದಿತು, ಈ ಸಲ ಫ್ರೇಮಿಗೆ ತಾಗಿ ನಿಂತಿತು.

"ಜಾರ್ತಿದೆ ನೋಡೋ ಮಗಾ," ಎಂದು ತನಗೆ ತಾನೇ ಹೇಳಿಕೊಂಡು ಬೀಗ ಹಾಕಿದ.